ಮುಳ್ಳನ್ನು ಕಿತ್ತು ಸೊನ್ನೆಗೆ ಕೂರಿಸಬೇಡ

ನಿನ್ನ ಆಟದ ಹಬೆ ಎಂಜಿನ್‌ನ ಬಾಯ್ಲರ್ ತಣ್ಣಗೆ ಕೂತಿರುವಾಗಲೂ ಗೇಜಿನ ಮುಳ್ಳು 8 ಪೌಂಡ್ ತೋರಿಸುತ್ತದೆ, ಅದನ್ನು ಮೆಲ್ಲಗೆ ಕಿತ್ತು ಸೊನ್ನೆಯ ಮೇಲೆ ಕೂರಿಸಿದರೆ ಸಾಕಲ್ವಾ ಮಾವ ಅಂತ ನೀನು ಕೇಳಿದಿ. ಸಾಕಾಗುವುದಿಲ್ಲ ಮಾರಾಯ. ಫೋನಿನಲ್ಲಿ ಬೇಡ ಅಂತ ಒಂದೇ ಮಾತು ಹೇಳಿದ್ದರಿಂದ ನಿನಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ರುವೈಸಿನ ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿಯೇ ತಲೆ ಬೆಳ್ಳಗಾದವನು ನಾನು. ಗೇಜಿನ ಮಾತು ಎತ್ತಿದರೆ ಬೇಗ ಮುಗಿಸುವವನಲ್ಲ ಅಂತ ನಿನ್ನ ಅತ್ತೆಗೆ ಗೊತ್ತು, ಇನ್ನು ನಿನಗೂ ಗೊತ್ತಾಗಲಿ.

ಮೊದಲು ಆ ಗೇಜಿನ ಹೊಟ್ಟೆಯೊಳಗೆ ಏನುಂಟು ನೋಡು. ಚಪ್ಪಟೆ ಮಾಡಿ ಅರ್ಧಚಂದ್ರದ ಆಕಾರಕ್ಕೆ ಬಗ್ಗಿಸಿದ ಒಂದು ಕಂಚಿನ ಕೊಳವೆ. ಒಂದು ತುದಿಯನ್ನು ಕೆಳಗಿನ ಹಿತ್ತಾಳೆಯ ಬುಡಕ್ಕೆ ಬೆಸೆದಿರುತ್ತಾರೆ. ಇನ್ನೊಂದು ತುದಿ ಮುಚ್ಚಿರುತ್ತದೆ, ಆದರೆ ಅಲ್ಲಾಡದ ಹಾಗೆ ಯಾವುದಕ್ಕೂ ಕಟ್ಟಿರುವುದಿಲ್ಲ. ಒಳಗೆ ಒತ್ತಡ ಏರಿದಾಗ, ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯ ಹಾಗೆ ಕೊಳವೆ ಬಿಚ್ಚಿಕೊಳ್ಳಲು ನೋಡುತ್ತದೆ. ಬಿಡಿ ತುದಿ ಅಲ್ಲಾಡುವುದು ಬಹಳ ಸ್ವಲ್ಪ. ಆ ಸ್ವಲ್ಪವನ್ನು ಒಂದು ಪುಟ್ಟ ಕಡ್ಡಿ ಹಲ್ಲಿನ ತುಂಡುಚಕ್ರಕ್ಕೆ ದಾಟಿಸುತ್ತದೆ, ಅದು ಮುಳ್ಳಿನ ಶಾಫ್ಟನ್ನು ತಿರುಗಿಸುತ್ತದೆ. ಹಲ್ಲುಗಳ ನಡುವೆ ಸಡಿಲ ಉಳಿಯದ ಹಾಗೆ ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗ್ ಎಳೆದು ಹಿಡಿದಿರುತ್ತದೆ. ಪ್ಯಾರಿಸ್ಸಿನ ಯುಜೀನ್ ಬೂರ್ಡನ್ ಇದಕ್ಕೆ ಪೇಟೆಂಟ್ ಪಡೆದದ್ದು 1849ರಲ್ಲಿ. ಸುರುಳಿ ಸುತ್ತುವಾಗ ಚಪ್ಪಟೆಯಾಗಿ ಹೋದ ಕೊಳವೆಯನ್ನು ಉಬ್ಬಿಸಲು ಒಳಗೆ ನೀರು ಒತ್ತಿದರೆ ಸುರುಳಿಯೇ ಬಿಚ್ಚಿಕೊಂಡಿತಂತೆ, ಅದನ್ನು ನೋಡಿ ಹೊಳೆದದ್ದಂತೆ. ಅದಕ್ಕೂ ಮೊದಲು ಪಾದರಸದ ಕಂಬದಿಂದ ಒತ್ತಡ ಅಳೆಯುತ್ತಿದ್ದರು. ನಿನ್ನ ಆಟದ ಎಂಜಿನ್‌ನ 40 ಪೌಂಡ್ ತೋರಿಸಲಿಕ್ಕೂ ಎರಡು ಮೀಟರಿಗಿಂತ ಎತ್ತರದ ಪಾದರಸ ಬೇಕಾಗುತ್ತಿತ್ತು. ಓಡುವ ಎಂಜಿನ್ ಮೇಲೆ ಅದನ್ನು ಯಾರು ಹೊತ್ತುಕೊಂಡು ಹೋಗುವುದು?

ಈಗ ನಿನ್ನ 8 ಪೌಂಡಿಗೆ ಬರುವ. ಎಂಜಿನ್ ಬಿದ್ದೋ ಪಾರ್ಸೆಲಿನಲ್ಲಿ ಪೆಟ್ಟು ತಿಂದೋ ಮುಳ್ಳು ತನ್ನ ಶಾಫ್ಟಿನ ಮೇಲೆ ಜಾರಿರಬಹುದು. ಹಲ್ಲಿಗೆ ಕಸ ಸಿಕ್ಕಿ ಮುಳ್ಳು ಹಿಂದೆ ಬರಲಾರದೆ ನಿಂತಿರಬಹುದು. ಅಥವಾ ಕೊಳವೆ ತನ್ನ ಶಕ್ತಿ ಮೀರಿ ಬಿಚ್ಚಿಕೊಂಡು, ಮೊದಲಿನ ಆಕಾರಕ್ಕೆ ಮರಳದೆ ಉಳಿದಿರಬಹುದು. ಮುಳ್ಳು ಜಾರಿದ್ದೇ ಆದರೆ ನಿನ್ನ ಉಪಾಯ ಸರಿ. ಕೊಳವೆಯೇ ಸೋತಿದ್ದರೆ ಮಾತ್ರ ನೀನು ಮಾಡುವುದು ರೋಗದ ಗುರುತನ್ನು ಒರೆಸಿ ಹಾಕುವ ಕೆಲಸ. ಸೋತ ಕೊಳವೆ ನಾಳೆ ಇನ್ನಷ್ಟು ಸೋಲುತ್ತದೆ. ಸೊನ್ನೆಯ ಮೇಲೆ ಚಂದ ಮಾಡಿ ಕೂತ ಮುಳ್ಳನ್ನು ನೋಡಿ ನೀನು ಅದನ್ನು ನಂಬಿಬಿಡುತ್ತಿ.

ಯಾವುದೆಂದು ತಿಳಿಯುವುದು ಕಷ್ಟ ಏನಲ್ಲ. ಉಗುರಿನಿಂದ ಗಾಜಿನ ಮೇಲೆ ಮೆಲ್ಲಗೆ ತಟ್ಟು. ಮುಳ್ಳು ಹಾರಿ ಕೆಳಗಿಳಿದರೆ ಕಸ, ಇಲ್ಲವೇ ಪಿವಟ್ ಬಿಗಿ. ಅಲ್ಲಾಡದಿದ್ದರೆ ಮುಂದಿನ ಸಾಕ್ಷಿ ಸೇಫ್ಟಿ ವಾಲ್ವ್. ಈ ಎಂಜಿನ್ ಹೊಸತರಲ್ಲಿ 40ಕ್ಕೆ ವಾಲ್ವ್ ಎತ್ತುತ್ತಿತ್ತು ಅಂತ ನೀನೇ ಹೇಳಿದ್ದಿ. ಹೋದ ಸಲ ಎಷ್ಟಕ್ಕೆ ಎತ್ತಿತು, ನೆನಪು ಮಾಡಿಕೋ. ಗೇಜ್ 48 ತೋರಿಸುವಾಗ ಎತ್ತಿದ್ದರೆ ಕೆಳಗೂ ಎಂಟು ಹೆಚ್ಚು, ಮೇಲೂ ಎಂಟು ಹೆಚ್ಚು. ಆಗ ಮುಳ್ಳು ಜಾರಿದೆ ಅಥವಾ ಕೊಳವೆ ಅಲ್ಪಸ್ವಲ್ಪ ಹಿಗ್ಗಿ ನಿಂತಿದೆ, ಬಾಯ್ಲರಿನ ಒತ್ತಡ ಮಾತ್ರ ಹಿಂದಿನಷ್ಟೇ ಉಂಟು. 55 ತೋರಿಸುವಾಗ ಎತ್ತಿದ್ದರೆ ತಪ್ಪು ಒತ್ತಡದ ಜೊತೆ ಬೆಳೆಯುತ್ತಿದೆ, ಅಂದರೆ ಕೊಳವೆಯೋ ಕಡ್ಡಿಯೋ ಕೆಟ್ಟಿದೆ, ಇಲ್ಲವಾದರೆ ವಾಲ್ವೇ ಬಿಗಿಯಾಗಿ ಹಿಡಿದುಕೊಂಡಿದೆ. ಇನ್ನು, ತಣ್ಣಗೆ 8 ತೋರಿಸುವ ಗೇಜಿನಲ್ಲಿ 40ಕ್ಕೇ ಎತ್ತಿದ್ದರೆ ಗೇಜ್ ಮತ್ತು ವಾಲ್ವ್ ಇಬ್ಬರಲ್ಲಿ ಯಾರ ಮಾತು ನಂಬುವುದೆಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪರೀಕ್ಷೆ ಆಗುವ ತನಕ ಬೆಂಕಿ ಹಚ್ಚಬೇಡ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಯಾವ ಕಾರಣಕ್ಕೂ ಕೆಟ್ಟ ಗೇಜ್ ನೋಡಿಕೊಂಡು ಸೇಫ್ಟಿ ವಾಲ್ವಿನ ಸ್ಪ್ರಿಂಗ್ ಮುಟ್ಟಬೇಡ. ಗೇಜ್ ಕಡಿಮೆ ತೋರಿಸುತ್ತಿರುತ್ತದೆ, ಎಂಜಿನ್‌ಗೆ ಬಲ ಸಾಲದು ಅನ್ನಿಸುತ್ತದೆ, ವಾಲ್ವ್ ಬೇಗ ಎತ್ತುತ್ತಿದೆ ಅಂತ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡುತ್ತಾರೆ. ಬಾಯ್ಲರನ್ನು ಕಾಯುವುದು ಆ ವಾಲ್ವ್. ಗೇಜ್ ನೋಡಿ ಹೇಳುತ್ತದೆ ಅಷ್ಟೆ, ಯಾರನ್ನೂ ಕಾಯುವುದಿಲ್ಲ. ಕಾವಲುಗಾರನ ಕೈ ಕಟ್ಟಿಹಾಕಲು ಸುಳ್ಳು ಸಾಕ್ಷಿಯನ್ನು ಕೇಳಿದ ಹಾಗೆ ಆಗಬಾರದು.

ತಣ್ಣಗಿರುವಾಗ 8 ತೋರಿಸುವ ಗೇಜ್ ಒಂದು ಲೆಕ್ಕದಲ್ಲಿ ಪ್ರಾಮಾಣಿಕ, ತನಗೆ ಹುಷಾರಿಲ್ಲ ಅಂತ ಅದೇ ಹೇಳುತ್ತದೆ. ನಾನು ಹೆದರುವುದು ಬಿಸಿ ಬಾಯ್ಲರಿನ ಮೇಲೆ ಸೊನ್ನೆ ತೋರಿಸಿ ಕೂತ ಗೇಜಿಗೆ. ಬಾಯ್ಲರಿನಿಂದ ಗೇಜಿಗೆ ಹೋಗುವ ದಾರಿ ಕಟ್ಟಿಹೋದರೆ ಹಾಗಾಗುತ್ತದೆ. ಸೊನ್ನೆ ಉಂಟಲ್ಲ, ಇನ್ನೊಂದು ಸಲ ನೀರು ತುಂಬುವ ಅಂತ ಫಿಲ್ಲರ್ ಪ್ಲಗ್ಗಿಗೆ ಸ್ಪ್ಯಾನರ್ ಹಾಕುತ್ತಿ. 40 ಪೌಂಡಿನಲ್ಲಿ ಒಳಗಿನ ನೀರು ಸುಮಾರು 142 ಡಿಗ್ರಿಯಲ್ಲಿರುತ್ತದೆ. ಮುಚ್ಚಳ ಬಿಚ್ಚಿದ ಕೂಡಲೇ ಅದರಲ್ಲಿ ಒಂದು ಪಾಲು ಹಬೆಯಾಗಿ ಉಳಿದ ನೀರನ್ನೂ ಎತ್ತಿಕೊಂಡು ಮುಖಕ್ಕೆ ಹೊಡೆಯುತ್ತದೆ. ಹಾಗಾಗಿ ಪ್ಲಗ್ ಮುಟ್ಟುವ ಮೊದಲು ಸೀಟಿಯೋ ಬ್ಲೋವರೋ ತೆರೆದು ನೋಡು, ಏನೂ ಬರಬಾರದು. ನಿನ್ನ ಎಂಜಿನ್‌ನಲ್ಲಿ ಎರಡೂ ಇಲ್ಲದಿದ್ದರೆ ಬಾಯ್ಲರಿನ ಮೈಯನ್ನು ಬರಿಗೈಯಲ್ಲಿ ಹಿಡಿಯಲು ಆಗುವಷ್ಟು ತಣಿಯುವ ತನಕ ಕಾಯಿ. ನಿನ್ನ ಮಗನಿಗೂ ಇದನ್ನು ಕಲಿಸು.

ದಾರಿ ಕಟ್ಟುವುದು ಯಾವುದರಿಂದ? ನಾನು ನೋಡಿದ್ದರಲ್ಲಿ ಮೊದಲ ಸ್ಥಾನ ಬಿಳಿ ಟೇಪಿನ ಚೂರಿಗೆ. ಪ್ಲಂಬರ್ ಸುತ್ತುವ ಆ ಟೆಫ್ಲಾನ್ ಟೇಪನ್ನು ಸಣ್ಣ ತ್ರೆಡ್ಡಿಗೆ ಸುತ್ತಿದರೆ ತುದಿಯ ಎಳೆ ಹರಿದು ಒಳಗೆ ಹೋಗುತ್ತದೆ, ಒಂದು ಮಿಲಿಮೀಟರಿನ ತೂತಿಗೆ ಅಷ್ಟೇ ಸಾಕು. ಎರಡನೆಯದು ಸುಣ್ಣ. ನಿನ್ನ ದುಬೈಯ ನಲ್ಲಿಯ ನೀರು ದಶಕಗಳಿಂದ ಬಹುಮಟ್ಟಿಗೆ ಹಬೆಯ ಕೃಪೆಯೇ: ಜೆಬೆಲ್ ಅಲಿಯಲ್ಲಿ ಪವರ್ ಸ್ಟೇಷನ್ನಿನ ಹಬೆಯಿಂದ ಸಮುದ್ರದ ನೀರನ್ನು ಕಾಯಿಸಿ, ಆವಿ ಮಾಡಿ, ತಣಿಸಿ ಕೊಡುತ್ತಾರೆ. ಹಾಗಾದರೆ ಅದು ಡಿಸ್ಟಿಲ್ಡ್ ವಾಟರೇ ಅಲ್ವಾ ಅಂತ ಬುದ್ಧಿವಂತಿಕೆ ತೋರಿಸಬೇಡ. ಕುಡಿಯಲಿಕ್ಕೂ ಪೈಪಿಗೂ ಒಗ್ಗಲಿ ಅಂತ ಕಳಿಸುವ ಮೊದಲು ಅದಕ್ಕೆ ಖನಿಜ ಸೇರಿಸುತ್ತಾರೆ. ಬಾಟ್ಲಿಯಲ್ಲಿ ಬರುವ ಕುಡಿಯುವ ನೀರಿನ ಕಥೆಯೂ ಅದೇ. ಕಾರಿನ ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಅದೇ ಹಾಕು. ಪಕ್ಕದಲ್ಲಿ ಆಸಿಡ್ ಡಬ್ಬವೂ ಇರುತ್ತದೆ, ಲೇಬಲ್ ಓದಿ ತಾ. ಬೇಸಿಗೆಯಲ್ಲಿ ಎಸಿಯಿಂದ ಬಕೆಟ್‌ಗಟ್ಟಲೆ ಇಳಿಯುವ ನೀರಿನಲ್ಲಿ ಸುಣ್ಣ ಇಲ್ಲವಾದರೂ ಕಾಯಿಲಿನ ಧೂಳು, ಲೋಳೆ ಎಲ್ಲ ಇರುತ್ತದೆ. ಅದನ್ನು ಗಿಡಕ್ಕೆ ಹಾಕು.

ದಾರಿ ಕಟ್ಟಿದ್ದರೆ ಗೇಜ್ ಬಿಚ್ಚಿ ಪಕ್ಕಕ್ಕಿಡು, ಅದರ ಕೆಳಗಿನ ಬಗ್ಗಿದ ತಾಮ್ರದ ಕೊಳವೆಯನ್ನು ಮಾತ್ರ ವಿನೆಗರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಊದಿ ನೋಡು. ಗೇಜಿನ ಒಳಗೆ ವಿನೆಗರ್ ಹೋಗಬಾರದು, ತಂತಿ ತೂರಿಸಬಾರದು. ಅಲ್ ಕೂಜ್‌ನ ಗ್ಯಾರೇಜಿಗೆ ತೆಗೆದುಕೊಂಡು ಹೋಗಿ ಒಂದು ಸಲ ಗಾಳಿ ಹೊಡಿ ಭಾಯ್ ಅಂತ ಹೇಳಬೇಡ. ಅವರ ಏರ್‌ಲೈನಿನಲ್ಲಿ ಏಳೆಂಟು ಬಾರ್ ಇರುತ್ತದೆ, ಅಂದರೆ 100 ಪೌಂಡಿಗೂ ಮೇಲೆ. 80 ಪೌಂಡಿನ ತನಕ ಅಳೆಯುವ ಗೇಜಿಗೆ ಅದು ಮರಣ.

ಆ ಬಗ್ಗಿದ ಕೊಳವೆಯನ್ನೇ ಸೈಫನ್ ಅನ್ನುವುದು. ಕೆಲವರು ಜಾಗ ಸಾಲದು ಅಂತ ಅದನ್ನು ತೆಗೆದು ಗೇಜನ್ನು ಬಾಯ್ಲರಿಗೇ ನೇರ ಕೂರಿಸುತ್ತಾರೆ. ನಿನ್ನ ಗೇಜಿನ ಕೊಳವೆ ಸೋತಿದ್ದರೆ ನಾನು ಮೊದಲು ಅನುಮಾನ ಪಡುವುದು ಸೈಫನ್ನಿನ ಮೇಲೆಯೇ. ಯು ಆಕಾರದಲ್ಲೋ ಒಂದು ಸುತ್ತು ಸುತ್ತಿಯೋ ಇರುವ ಅದರ ಹೊಟ್ಟೆಯಲ್ಲಿ ನೀರು ನಿಲ್ಲಬೇಕು. ಹಬೆ ಆ ನೀರನ್ನು ಒತ್ತುತ್ತದೆ, ನೀರು ಗೇಜನ್ನು ಒತ್ತುತ್ತದೆ, ಹಬೆಯ ಬಿಸಿ ಮಾತ್ರ ಗೇಜಿನ ತೆಳು ಕೊಳವೆಗೂ ಅದರ ಬೆಸುಗೆಗೂ ತಲುಪುವುದಿಲ್ಲ. ದೊಡ್ಡ ಎಂಜಿನ್‌ಗಳಲ್ಲೂ ಇದೇ ಕ್ರಮ. ನಮ್ಮ ಮೀಟರ್‌ಗೇಜಿನ ವೈಪಿ ಎಂಜಿನ್‌ಗಳು 210 ಪೌಂಡಿನಲ್ಲಿ ಓಡುತ್ತಿದ್ದವು, ಅಲ್ಲಿನ ಗೇಜನ್ನು ಕಾಯ್ದದ್ದೂ ಇಂಥ ಒಂದು ಗುಟುಕು ನೀರೇ. ರಜೆಯಲ್ಲಿ ಊರಿಗೆ ಹೋದಾಗ ಮಗನನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗು, 1979ರಿಂದ ಉಂಟು ಅದು. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಶುರುವಾಗಿದೆ. ಎಲ್ಲರೂ ಚಕ್ರದ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ನೀನು ಕ್ಯಾಬಿನೊಳಗೆ ಇಣುಕಿ ಗೇಜಿನ ಕೊಳವೆ ಎಲ್ಲಿಂದ ಹೊರಟು ಹೇಗೆ ಸುತ್ತಿ ಬರುತ್ತದೆ ನೋಡು.

ಸೈಫನ್ ಇದ್ದೂ ಗೇಜ್ ಕೆಡುವ ಒಂದು ದಾರಿ ಉಂಟು, ಅದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಓಡಿಸಿ ಮುಗಿಸಿ, ಬೆಂಕಿ ಆರಿಸಿ, ಎಂಜಿನ್ ಹಾಗೇ ಬಿಟ್ಟು ಊಟಕ್ಕೆ ಹೋಗುತ್ತೇವೆ. ಒಳಗಿನ ಹಬೆ ತಣಿದು ನೀರಾಗುತ್ತದೆ, ಬಾಯ್ಲರಿನೊಳಗೆ ನಿರ್ವಾತ ಆಗುತ್ತದೆ. ಅದು ಸೈಫನ್ನಿನ ನೀರನ್ನು ಹಿಂದಕ್ಕೆ ಹೀರುತ್ತದೆ, ಮುಳ್ಳನ್ನು ಸೊನ್ನೆಯಿಂದಲೂ ಕೆಳಗೆ ಎಳೆದು ಅಲ್ಲಿ ತಡೆಯುವ ಪಿನ್ನಿಗೆ ಒತ್ತುತ್ತದೆ. ಮುಂದಿನ ಸಲ ಬೆಂಕಿ ಹಚ್ಚಿದಾಗ ಖಾಲಿ ಸೈಫನ್ ದಾಟಿ ಬಿಸಿ ಹಬೆಯೇ ಗೇಜಿಗೆ ಹೋಗುತ್ತದೆ. ಒತ್ತಡ ಪೂರ್ತಿ ಇಳಿದ ಮೇಲೆ, ನಾನು ಮೊದಲು ಹೇಳಿದ ಹಾಗೆ ಖಾತ್ರಿ ಮಾಡಿಕೊಂಡು, ಫಿಲ್ಲರ್ ಪ್ಲಗ್ ಸ್ವಲ್ಪ ಸಡಿಲಿಸಿ ಗಾಳಿ ಒಳಗೆ ಹೋಗಲು ಬಿಡು. ರೆಗ್ಯುಲೇಟರ್ ತೆರೆದು ಗಾಳಿ ಬಿಡಲು ಹೋದರೆ ಲ್ಯೂಬ್ರಿಕೇಟರಿನ ಎಣ್ಣೆ ಬಾಯ್ಲರಿಗೆ ಹೀರಿಕೊಂಡು ಹೋದೀತು.

ಇನ್ನು ರಿಪೇರಿಯೋ ಹೊಸತೋ? ನನ್ನ ತೀರ್ಮಾನ ಕೇಳಿದರೆ, ಒಂದು ಇಂಚು ಡಯಲಿನ ಗೇಜಿಗೆ ಎರಡೇ ರಿಪೇರಿ. ನಿಜವಾಗಿಯೂ ಜಾರಿದ ಮುಳ್ಳನ್ನು ಸರಿಯಾಗಿ ಕೂರಿಸುವುದು ಒಂದು, ಅದೂ ಪರೀಕ್ಷೆ ಮಾಡಿ ಎಲ್ಲ ಕಡೆ ಒಂದೇ ಸಮ ತಪ್ಪು ತೋರಿಸುತ್ತದೆ ಅಂತ ಕಂಡ ಮೇಲೆ. ಧೂಳು ತೆಗೆಯುವುದು ಇನ್ನೊಂದು. ಇಲ್ಲಿನ ಮರಳು ಹಿಟ್ಟಿಗಿಂತ ನುಣ್ಣಗೆ, ಗಾಜಿನ ಅಂಚಿನಲ್ಲಿ ನುಗ್ಗಿ ಹೇರ್‌ಸ್ಪ್ರಿಂಗಿಗೆ ಅಂಟುತ್ತದೆ. ಅದಕ್ಕೆ ಕರಾಮಾದಲ್ಲೋ ದೇರಾದಲ್ಲೋ ಹಳೆ ಕಾಲದ ವಾಚ್ ರಿಪೇರಿಯವರನ್ನು ಹುಡುಕು, ನಿನ್ನ ಸ್ಕ್ರೂಡ್ರೈವರಿಗಿಂತ ಅವರ ಚಿಮಟ ವಾಸಿ. ಎಣ್ಣೆ ಬಿಡಬೇಡ ಅಂತ ಹೇಳು, ಎಣ್ಣೆಗೆ ಧೂಳು ಇನ್ನೂ ಬೇಗ ಅಂಟುತ್ತದೆ. ಕೊಳವೆ ಹಿಗ್ಗಿದ್ದರೆ, ಬೆಸುಗೆ ಸೋರುತ್ತಿದ್ದರೆ, ಹಲ್ಲು ಸವೆದಿದ್ದರೆ ಹೊಸತು ಹಾಕು. ಪ್ಲಾಂಟಿನಲ್ಲಿ ನಾಲ್ಕಿಂಚಿನ ಗೇಜಿನ ಕಡ್ಡಿ ಸರಿಸಿ ಸರಿಮಾಡಿದವರು ನಾವು, ಆದರೆ ಆ ಸ್ಕ್ರೂ ಕಣ್ಣಿಗೆ ಕಾಣುತ್ತಿತ್ತು.

ಹೊಸತು ಕೊಳ್ಳುವಾಗ ಅಂದ ನೋಡಬೇಡ, ಅಳತೆ ನೋಡು. 40ಕ್ಕೆ ಓಡುವ ಎಂಜಿನ್‌ಗೆ ಸೊನ್ನೆಯಿಂದ 80ರ ಗೇಜ್. 60ರದ್ದು ಹಾಕಿದರೆ ಮೇಲೆ ಉಳಿಯುವ ಜಾಗ ಕಡಿಮೆ, 150ರದ್ದು ಹಾಕಿದರೆ 40 ಎಲ್ಲಿ, 45 ಎಲ್ಲಿ ಅಂತ ಭೂತಗನ್ನಡಿ ಹಿಡಿಯಬೇಕು. ಇಲ್ಲಿ ಸಿಗುವ ಗೇಜುಗಳು ಹೆಚ್ಚಾಗಿ ಬಾರ್ ಲೆಕ್ಕದವು: ಒಂದು ಬಾರ್ ಅಂದರೆ ಹದಿನಾಲ್ಕೂವರೆ ಪೌಂಡ್, ನಿನ್ನ 40 ಅಂದರೆ ಎರಡೂ ಮುಕ್ಕಾಲು ಬಾರ್. ಓಡುವ ಒತ್ತಡಕ್ಕೆ ಡಯಲಿನಲ್ಲಿ ಕೆಂಪು ಗೆರೆ ಇರಲಿ. ಕಂಪ್ರೆಸರಿಗೆ ಹಾಕುವ ಅಗ್ಗದ ಗೇಜ್ ನಾಯಿಫ್ ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬೇಕಾದಷ್ಟು ಉಂಟು, ಅದನ್ನು ತಂದು ಹಬೆಗೆ ಕೊಡಬೇಡ.

ತ್ರೆಡ್ಡಿನ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ಇಂಗ್ಲಿಷ್ ಮಾಡೆಲ್‌ಗಳಲ್ಲಿ ಇಂಚಿಗೆ 40 ಸುತ್ತಿನ ನುಣ್ಣನೆಯ ತ್ರೆಡ್, ಕಾಲಿಂಚಿನದೋ ಮೂರು ಹದಿನಾರನೇ ಇಂಚಿನದೋ ಇರುತ್ತದೆ. ಬೇರೆ ಕಡೆಯವಕ್ಕೆ ಮೆಟ್ರಿಕ್, ಉದಾಹರಣೆಗೆ 6 ಮಿಲಿಮೀಟರ್ ದಪ್ಪ, 0.75 ಪಿಚ್. ಕಾಲಿಂಚು ಅಂದರೆ 6.35 ಮಿಲಿಮೀಟರ್, ಅದರ ಪಿಚ್ 0.635. ಒಂದರ ನಟ್ಟು ಇನ್ನೊಂದರ ಮೇಲೆ ಎರಡು ಸುತ್ತು ಹಿಡಿದ ಹಾಗೆ ಮಾಡುತ್ತದೆ. ಹಿಡಿಯಿತು ಅಂತ ಬಿಗಿ ಮಾಡಿದರೆ ಮೆತ್ತನೆಯ ಹಿತ್ತಾಳೆಯ ಸುತ್ತು ಕಿತ್ತು ಬರುತ್ತದೆ, ಕೀಳದೆ ಉಳಿದರೆ ಒತ್ತಡ ಬಂದಾಗ ಹಾರುತ್ತದೆ. ಕ್ಯಾಲಿಪರ್ ಮತ್ತು ಪಿಚ್ ಗೇಜ್ ಎರಡನ್ನೂ ಹಿಡಿದು ಅಳೆ. ಅಂಗಡಿಯವನ ಸೇಮ್ ಸೇಮ್ ಅನ್ನುವ ಮಾತಿಗೆ ತಲೆ ಆಡಿಸಬೇಡ. ಬೇಕಾದದ್ದು ಇಲ್ಲಿ ಸಿಗದಿದ್ದರೆ ಎಂಜಿನ್ ಮಾಡಿದವರಿಂದಲೇ ತರಿಸು, ಎರಡು ವಾರ ಹೆಚ್ಚಾದರೆ ಆಗಲಿ.

ಜೋಡಿಸುವಾಗ ಸೈಫನ್ನಿಗೆ ಡ್ರಾಪರಿನಿಂದ ನೀರು ತುಂಬಿಯೇ ಜೋಡಿಸು. ಗೇಜಿನ ಡಬ್ಬಿ ಹಿಡಿದು ತಿರುಗಿಸಬೇಡ, ಬುಡದ ಚೌಕಕ್ಕೆ ಒಂದು ಸ್ಪ್ಯಾನರ್, ನಟ್ಟಿಗೆ ಇನ್ನೊಂದು. ಸೀಲ್ ಹಾಕಬೇಕೆಂದಿದ್ದರೆ ಮೊದಲ ಒಂದೆರಡು ಸುತ್ತು ಬಿಟ್ಟು ಒಂದು ಹನಿ ಸಾಕು.

ಹಳತಿರಲಿ ಹೊಸತಿರಲಿ, ಎಂಜಿನ್ ಮೇಲೆ ಹೋಗುವ ಮೊದಲು ಗೇಜ್ ಪರೀಕ್ಷೆ ಆಗಬೇಕು. ಅಬುಧಾಬಿಯಲ್ಲಿ ಎಮಿರೇಟ್ಸ್ ಮೆಟ್ರಾಲಜಿ ಇನ್‌ಸ್ಟಿಟ್ಯೂಟ್ ಅಂತ ಇಡೀ ದೇಶದ ಅಳತೆಗೆ ಅಳತೆ ಕೊಡುವ ಸಂಸ್ಥೆ ಉಂಟು. ಮುಸಫ್ಫಾದಲ್ಲಿ ಸರ್ಟಿಫಿಕೇಟ್ ಕೊಡುವ ಖಾಸಗಿ ಲ್ಯಾಬುಗಳೂ ಉಂಟು. ನಿನ್ನ ಗೇಜಿಗೆ ಅಷ್ಟು ಬೇಡ, ಗೇಜಿಗಿಂತ ಕಾಗದವೇ ದುಬಾರಿಯಾದೀತು. ಒಂದು ಟಿ ಜೋಡಣೆಯ ಒಂದು ಬದಿಗೆ ನಂಬಿಕೆಯ ದೊಡ್ಡ ಗೇಜ್, ಇನ್ನೊಂದು ಬದಿಗೆ ನಿನ್ನದು, ಕೆಳಗೆ ನೀರು ಒತ್ತುವ ಕೈಪಂಪ್. 10 ಪೌಂಡಿಗೊಮ್ಮೆ ನಿಲ್ಲಿಸಿ, ತಟ್ಟಿ, ಎರಡನ್ನೂ ಓದಿ ಬರೆದುಕೋ. 60ರ ತನಕ ಹೋಗಿ ಅದೇ ಮೆಟ್ಟಿಲಲ್ಲಿ ಇಳಿಯುತ್ತಲೂ ಓದು. ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ತೋರಿಸಿದರೆ ಒಳಗೆ ಎಲ್ಲೋ ಹಿಡಿಯುತ್ತಿದೆ. ಕೂದಲು ಸೀಳಲು ಹೋಗಬೇಡ ಮಾತ್ರ. 2.5 ಕ್ಲಾಸಿನ ಗೇಜ್ ಅಂದರೆ ಪೂರ್ತಿ ಅಳತೆಯ ಶೇಕಡಾ 2.5ರಷ್ಟು ತಪ್ಪಲು ಅದಕ್ಕೆ ಹಕ್ಕುಂಟು, 80ರ ಡಯಲಿನಲ್ಲಿ ಆಚೆ ಈಚೆ 2 ಪೌಂಡ್. ಮೇಲಿಂದ ಶಾಖದ ಪಾಲು ಬೇರೆ. 20 ಡಿಗ್ರಿಯಿಂದ ಆಚೀಚೆ ಆದರೆ ಪ್ರತಿ 10 ಡಿಗ್ರಿಗೆ ಶೇಕಡಾ 0.4ರ ತನಕ ವ್ಯತ್ಯಾಸ ಬರಬಹುದು, ಆಗಸ್ಟಿನ ದುಬೈಯ 45 ಡಿಗ್ರಿಯಲ್ಲಿ ಅದೇ ಸುಮಾರು ಒಂದು ಶೇಕಡಾ ಆಯಿತು. ಪರೀಕ್ಷೆಯನ್ನು ಒಳಗೆ, ಎಸಿಯ ತಂಪಿನಲ್ಲಿ ಮಾಡು.

ಗೇಜಿನ ಜೊತೆ ಬಾಯ್ಲರನ್ನೂ ಪರೀಕ್ಷೆ ಮಾಡುವ ಆಸೆ ಬಂದರೆ ನೀರಿನಲ್ಲೇ ಮಾಡು, ಓಡುವ ಒತ್ತಡದ ಒಂದೂವರೆ ಪಟ್ಟು, ಅಂದರೆ ನಿನ್ನದಕ್ಕೆ 60. ಸೇಫ್ಟಿ ವಾಲ್ವ್ ಬಿಚ್ಚಿ ಆ ಜಾಗಕ್ಕೆ ಪ್ಲಗ್ ಹಾಕಬೇಕು, ಮುಗಿದ ಕೂಡಲೇ ಮರೆಯದೆ ವಾಲ್ವ್ ಮರಳಿ ಹಾಕಬೇಕು. ಬಾಯ್ಲರಿಗೆ ಗಾಳಿ ತುಂಬಿ ಪರೀಕ್ಷೆ ಮಾಡುವವರ ಹತ್ತಿರವೂ ನಿಲ್ಲಬೇಡ. ನೀರು ತುಂಬಿದ ಬಾಯ್ಲರ್ ಬಿರಿದರೆ ಒದ್ದೆಯಾಗುತ್ತದೆ, ಗಾಳಿ ತುಂಬಿದ್ದು ಬಿರಿದರೆ ಚೂರು ಹಾರುತ್ತದೆ.

ಹಬೆ ಎಬ್ಬಿಸುವುದನ್ನು ನವೆಂಬರಿನಿಂದ ಮಾರ್ಚಿಗೆ ಇಟ್ಟುಕೋ. ಬೇಸಿಗೆಯ ಒಣ ಬಿಸಿಯಲ್ಲಿ ಹಬೆ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ, ಆಮೇಲೆ ಓಡಿಸಿ ಏನು ಸುಖ? ಗ್ಯಾಸಿನ ಅಪಾಯ ಬೇರೆ: ಬ್ಯೂಟೇನಿನ ಒತ್ತಡ 20 ಡಿಗ್ರಿಯಿಂದ 45ಕ್ಕೆ ಹೋಗುವಾಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಕ್ಯಾನನ್ನು ಕಾರಿನಲ್ಲಿ ಬಿಡಬೇಡ, ಪ್ರೊಪೇನ್ ಬೆರೆಸಿದ್ದು ಈ ಊರಿಗೆ ಬೇಡ, ವಿಮಾನದಲ್ಲಿ ಊರಿಗೆ ಒಯ್ಯುವ ಯೋಚನೆಯಂತೂ ಬೇಡವೇ ಬೇಡ. ಫ್ಲ್ಯಾಟಿನ ಬಾಲ್ಕನಿಯಲ್ಲೂ ಬೆಂಕಿ ಬೇಡ. ಮಿರ್ದಿಫ್‌ನಲ್ಲಿ ಅಂಗಳ ಇರುವ ಗೆಳೆಯ ಇದ್ದಾನೆ ಅಂತ ಹೇಳಿದ್ದಿಯಲ್ಲ, ಅವನನ್ನು ಹಿಡಿ.

ಬರುವ ಶನಿವಾರ ಗೇಜ್ ಬಿಚ್ಚಿಕೊಂಡು ಅಬುಧಾಬಿಗೆ ಬಾ. ಕೈಪಂಪು, ಟಿ, ದೊಡ್ಡ ಗೇಜ್ ನನ್ನ ಹತ್ತಿರ ಉಂಟು. ಸೈಫನ್ ಕೊಳವೆಯನ್ನೂ ಅದರ ನಟ್ಟನ್ನೂ ಸೇರಿಸಿ ತಾ, ಇಲ್ಲದಿದ್ದರೆ ತ್ರೆಡ್ ಅಳೆಯಲು ಇನ್ನೊಂದು ಸಲ ಬರಬೇಕಾದೀತು. ಆ ತನಕ ಮುಳ್ಳು 8ರ ಮೇಲೆಯೇ ಇರಲಿ.